ಗಾಲ್ಫ್ ಕ್ಲಬ್ಬಿನ ಶಾಫ್ಟ್ ಏಕೆ ಮುರಿಯುತ್ತದೆ, ಮುರಿಯದಂತೆ ಕಾಯುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಚೆಂಡಿಗೆ ಸರಿಯಾಗಿಯೇ ಹೊಡೆದೆ, ಆದರೂ ಶಾಫ್ಟ್ ಎರಡು ತುಂಡಾಯಿತು, ಕ್ಲಬ್ಬಿನ ತಲೆ ಹುಲ್ಲಿನ ಮೇಲೆ ಹಾರಿಬಿತ್ತು. ಇದು ತಯಾರಕರ ದೋಷವಲ್ಲವೇ?" ಕೆಲವೊಮ್ಮೆ ಹೌದು. ಆದರೆ ಬಹುಪಾಲು ಸಂದರ್ಭಗಳಲ್ಲಿ ಶಾಫ್ಟ್ ಮುರಿದ ದಿನ ಬೇರೆ, ಅದಕ್ಕೆ ಗಾಯವಾದ ದಿನ ಬೇರೆ. ದೂರಕ್ಕೆ ಹೊಡೆಯಲು ಬಳಸುವ ಉದ್ದನೆಯ ಕ್ಲಬ್ಬಾದ ಡ್ರೈವರಿನ ತಲೆ ಸುಮಾರು 200 ಗ್ರಾಂ ತೂಗುತ್ತದೆ. ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಇವೆರಡೂ ಒಂದನ್ನೊಂದು ಮುಟ್ಟಿರುವ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧದಷ್ಟು. ಗಾಯವಿಲ್ಲದ ಶಾಫ್ಟ್ ಇಂತಹ ಹೊಡೆತಗಳನ್ನು ವರ್ಷಗಟ್ಟಲೆ ತಾಳಿಕೊಳ್ಳುವಂತೆಯೇ ತಯಾರಾಗಿರುತ್ತದೆ. ಹಾಗಿದ್ದೂ ಮುರಿದರೆ, ಹಿಂದೆಂದೋ ಮರದ ಬೇರಿಗೆ ತಗುಲಿದ ಪೆಟ್ಟು, ಗ್ರಿಪ್ ಬದಲಿಸುವಾಗ ಒತ್ತಿದ ಚಾಕು, ಒಳಗೊಳಗೇ ಹಬ್ಬಿದ ತುಕ್ಕು ಅಥವಾ ಅಂಟು ಹಾಕುವಾಗಿನ ಅವಸರ, ಇವುಗಳಲ್ಲಿ ಒಂದನ್ನು ಹುಡುಕಬೇಕಾಗುತ್ತದೆ. ಆ ಗಾಯವನ್ನು ಮೊದಲೇ ಗುರುತಿಸುವುದು ಹೇಗೆ ಮತ್ತು ಅದು ಆಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ.

ಮೊದಲು ಕೆಲವು ಪದಗಳು

ಕ್ಲಬ್ಬಿನ ಉದ್ದನೆಯ ಕೋಲೇ ಶಾಫ್ಟ್. ಅದರ ಮೇಲ್ತುದಿಗೆ ಕೈಹಿಡಿಯಾದ ರಬ್ಬರ್ ಗ್ರಿಪ್ ಇರುತ್ತದೆ. ಕೆಳತುದಿ, ಅಂದರೆ ಟಿಪ್, ತಲೆಯಲ್ಲಿರುವ ಕೊಳವೆಯಂತಹ ಕುತ್ತಿಗೆಯೊಳಗೆ ಕೂರುತ್ತದೆ. ಆ ಕುತ್ತಿಗೆಯನ್ನು ಹೋಸೆಲ್ ಎನ್ನುತ್ತಾರೆ. ಹೋಸೆಲ್ಲಿನ ಬಾಯಿಯ ಮೇಲೆ ಕಾಣುವ ಕಪ್ಪು ಪ್ಲಾಸ್ಟಿಕ್ ಬಳೆ ಫೆರುಲ್; ಅದು ಮುಖ್ಯವಾಗಿ ಅಂದಕ್ಕಾಗಿ ಇರುವಂಥದ್ದು, ತಲೆಯನ್ನು ಹಿಡಿದಿಡುವ ಕೆಲಸ ಅದರದಲ್ಲ. ಹಿಡಿದಿಡುವುದು ಎಪಾಕ್ಸಿ ಎಂಬ ಅಂಟು. ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು ಇದು.

ಶಾಫ್ಟುಗಳು ಒಂದು ಕಾಲದಲ್ಲಿ ಹಿಕರಿ ಮರದವಾಗಿದ್ದವು. ಅಮೆರಿಕದ ಗಾಲ್ಫ್ ಸಂಸ್ಥೆ 1924ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಗಾಲ್ಫ್ ಸಂಸ್ಥೆ 1929ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ನೀಡಿದವು. 1970ರ ದಶಕದಲ್ಲಿ ಗ್ರಾಫೈಟ್ ಬಂದಿತು. ಗ್ರಾಫೈಟ್ ಎಂದರೆ ಇಂಗಾಲದ ಎಳೆಗಳ ಹಾಳೆಗಳನ್ನು ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರವಾಗಿ ಸುತ್ತಿ, ಬೇಯಿಸಿ ಗಟ್ಟಿ ಮಾಡಿದ ಕೊಳವೆ. ಇಂದು ಡ್ರೈವರ್ ಮತ್ತು ವುಡ್‌ಗಳಲ್ಲಿ (ದೂರದ ಹೊಡೆತಕ್ಕಿರುವ ದಪ್ಪ ತಲೆಯ ಕ್ಲಬ್ಬುಗಳು) ಹೆಚ್ಚಾಗಿ ಗ್ರಾಫೈಟ್, ಐರನ್‌ಗಳಲ್ಲಿ (ಚಪ್ಪಟೆ ಲೋಹದ ತಲೆಯ ಕ್ಲಬ್ಬುಗಳು) ಹೆಚ್ಚಾಗಿ ಉಕ್ಕು ಕಾಣುತ್ತದೆ. ಇವೆರಡೂ ಮುರಿಯುವ ರೀತಿ ಒಂದೇ ಅಲ್ಲ. ಉಕ್ಕು ಮೊದಲು ನೆಗ್ಗುತ್ತದೆ, ಬಾಗುತ್ತದೆ, ತುಕ್ಕು ಹಿಡಿಯುತ್ತದೆ. ಎಚ್ಚರಿಕೆ ಕೊಟ್ಟ ಮೇಲೆಯೇ ಮುರಿಯುವುದು ಹೆಚ್ಚು. ಗ್ರಾಫೈಟಿನ ಎಳೆಗಳು ತುಂಡಾದರೆ ಹೊರಗಿನ ಬಣ್ಣ ಅದನ್ನು ಮುಚ್ಚಿಟ್ಟಿರುತ್ತದೆ, ಒಂದು ದಿನ ಒಮ್ಮೆಗೇ ಕೈಕೊಡುತ್ತದೆ. ಆದ್ದರಿಂದ ಗ್ರಾಫೈಟಿಗೆ ಹೆಚ್ಚು ತಪಾಸಣೆ ಬೇಕು.

ಹಂತ 1: ಮುರಿದ ಜಾಗವನ್ನು ಓದಿ

ನಿಮ್ಮ ಕ್ಲಬ್ ಈಗಾಗಲೇ ಮುರಿದಿದ್ದರೆ ತುಂಡುಗಳನ್ನು ಎಸೆಯಬೇಡಿ. ಎಲ್ಲಿ ಮುರಿದಿದೆ ಮತ್ತು ಮುರಿದ ಮುಖ ಹೇಗೆ ಕಾಣುತ್ತದೆ ಎಂಬ ಎರಡು ಸಂಗತಿಗಳಿಂದ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ.

ಹೋಸೆಲ್ಲಿನ ಬಾಯಿಯಲ್ಲಿ, ಫೆರುಲ್ ಇರುವಲ್ಲಿಯೇ ಮುರಿದಿರುವುದು ಅತ್ಯಂತ ಸಾಮಾನ್ಯ. ಅಂಟಿನೊಳಗೆ ಕೂತಿರುವ ಭಾಗ ಅಲುಗುವುದಿಲ್ಲ, ಅದರ ಮೇಲಿನ ಭಾಗ ಬಾಗುತ್ತದೆ. ಹೀಗಾಗಿ ಪ್ರತಿಯೊಂದು ಹೊಡೆತದ ಬಾಗುವಿಕೆಯೂ ಆ ಒಂದು ಗೆರೆಯಲ್ಲಿ ಬಂದು ಸೇರುತ್ತದೆ. ಕಬ್ಬನ್ನು ಮಂಡಿಗೆ ಒತ್ತಿ ಮುರಿಯುವಾಗ ಅದು ಮಂಡಿ ತಾಗಿದಲ್ಲಿಯೇ ಮುರಿಯುವಂತೆ ಇದು. ಇಲ್ಲಿ ಗ್ರಾಫೈಟ್ ಶಾಫ್ಟು ಗರಗಸದಿಂದ ಕೊಯ್ದಂತೆ ಸುತ್ತಲೂ ನೇರವಾಗಿ ಮುರಿದಿದ್ದರೆ ಹೋಸೆಲ್ಲಿನ ಒಳಅಂಚು ಮೊನಚಾಗಿತ್ತೆಂದೋ, ಅಂಟು ಹಾಕುವ ಮುನ್ನ ಶಾಫ್ಟನ್ನು ಅತಿಯಾಗಿ ಉಜ್ಜಿದ್ದರೆಂದೋ ಶಂಕಿಸಬೇಕು. ಮುರಿದ ಮುಖ ಪೊರಕೆಯ ತುದಿಯಂತೆ ಉದ್ದುದ್ದ ಸಿಬರುಗಳಾಗಿ ಸೀಳಿದ್ದರೆ, ಬೇರು, ಕಲ್ಲು ಅಥವಾ ಮರಕ್ಕೆ ಬಿದ್ದ ಒಂದೇ ದೊಡ್ಡ ಪೆಟ್ಟು ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಉಕ್ಕಿನ ತುಂಡಾದರೆ ಮುಖವನ್ನು ಬೆಳಕಿಗೆ ಹಿಡಿಯಿರಿ. ಒಂದು ಭಾಗ ಕಂದು ಬಣ್ಣಕ್ಕೆ ತಿರುಗಿ ಅಥವಾ ಮಂಕಾಗಿ ನಯವಾಗಿದ್ದು, ಉಳಿದ ಭಾಗ ಹೊಳೆಯುತ್ತಿದ್ದರೆ ಬಿರುಕು ಹಳೆಯದು. ಹೊಳೆಯುವ ಭಾಗ ಮಾತ್ರ ಇಂದು ಮುರಿದದ್ದು. ಲೋಹದ ದಣಿವು ಎಂದು ಕರೆಯುವುದು ಇದನ್ನೇ: ಪ್ರತಿ ಹೊಡೆತಕ್ಕೂ ಬಿರುಕು ಕಣ್ಣಿಗೆ ಕಾಣದಷ್ಟು ಮುಂದೆ ಸರಿಯುತ್ತದೆ, ಕೊನೆಗೆ ಉಳಿದ ಲೋಹ ಹೊರೆ ತಾಳಲಾರದೆ ಬಿಟ್ಟುಕೊಡುತ್ತದೆ. ಕೊಳವೆ ಚಪ್ಪಟೆಯಾಗಿ ಮಡಚಿದಂತಿದ್ದರೆ ಅಲ್ಲಿ ಮೊದಲೇ ನೆಗ್ಗು ಇದ್ದಿರಬೇಕು. ಉಕ್ಕಿನ ಶಾಫ್ಟಿನ ಗೋಡೆ ಒಂದು ಮಿಲಿಮೀಟರಿಗಿಂತ ತೆಳುವಾಗಿರುವುದರಿಂದ, ದುಂಡನೆಯ ಆಕಾರ ಕೆಟ್ಟರೆ ಅದರ ಬಲವೂ ಅಲ್ಲಿಗೆ ಮುಗಿಯಿತು.

ನಡುವೆ ಮುರಿದ ಗ್ರಾಫೈಟ್ ಸಾಮಾನ್ಯವಾಗಿ ಬ್ಯಾಗಿನ ಉಜ್ಜಾಟದ್ದು. ಗ್ರಿಪ್ಪಿನ ಅಡಿಯಲ್ಲಿ ಮುರಿದಿದ್ದರೆ ಚಾಕುವಿನ ಗೀರು, ಒಳಗಿನ ತುಕ್ಕು ಅಥವಾ ಉದ್ದ ಹೆಚ್ಚಿಸಲು ತುರುಕಿದ ತುಂಡಿನ ಅಂಚು ಕಾರಣ. ಇನ್ನು, ತಲೆ ಕಳಚಿಬಂದು ಶಾಫ್ಟಿನ ತುದಿ ಅಂಟಿನ ಪುಡಿಯೊಂದಿಗೆ ಇಡಿಯಾಗಿಯೇ ಉಳಿದಿದ್ದರೆ ಅದು ಮುರಿತವೇ ಅಲ್ಲ, ಅಂಟು ಬಿಟ್ಟದ್ದು. ಇದಕ್ಕೆ ಹೊಸ ಶಾಫ್ಟ್ ಬೇಕಿಲ್ಲ. ಸರಿಯಾಗಿ ಮತ್ತೆ ಅಂಟಿಸಿದರೆ ಸಾಕು. ಈ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಂಡವರು ಬಹಳ ಮಂದಿ.

ಹಂತ 2: ತಪಾಸಣೆಗೆ ಬೇಕಾದುದನ್ನು ಹೊಂದಿಸಿಕೊಳ್ಳಿ

ಬೇಕಾಗುವುದು ಹೆಚ್ಚೇನಿಲ್ಲ: ಒಂದು ಹಿಡಿ ಹತ್ತಿ, ಮೆತ್ತನೆಯ ಒಣಬಟ್ಟೆ, ಟಾರ್ಚು, ತೀರ ಸಣ್ಣ ಎಳೆಯ ಉಕ್ಕಿನ ನಾರು, ಹೊಲಿಗೆಯಂತ್ರಕ್ಕೆ ಬಿಡುವ ತೆಳು ಎಣ್ಣೆ. ಗ್ರಾಫೈಟನ್ನು ಉಜ್ಜುವ ಅಥವಾ ಕತ್ತರಿಸುವ ಕೆಲಸವಿದ್ದರೆ ಕೈಗವಸು, ಕನ್ನಡಕ ಮತ್ತು ಬಿಗಿಯಾಗಿ ಕೂರುವ ಮಾಸ್ಕ್ ಕಡ್ಡಾಯ. ಇಂಗಾಲದ ಸಿಬರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ. ಅದರ ಪುಡಿ ಉಸಿರಿನೊಂದಿಗೆ ಒಳಹೋಗಬಾರದು.

ಹಂತ 3: ತಿಂಗಳಿಗೊಮ್ಮೆ ಪ್ರತಿ ಕ್ಲಬ್ಬನ್ನೂ ನೋಡಿ

ಒಂದು ಕ್ಲಬ್ಬಿಗೆ ಎರಡು ನಿಮಿಷ ಸಾಕು. ಗ್ರಾಫೈಟ್ ಶಾಫ್ಟನ್ನು ಒರೆಸಿ, ಹತ್ತಿಯ ಉಂಡೆಯನ್ನು ಮೇಲಿನಿಂದ ಕೆಳಕ್ಕೆ, ಸುತ್ತಲೂ ತಿರುಗಿಸುತ್ತ ಸವರಿ. ಎಲ್ಲಿಯಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ನಾರು ಎದ್ದಿದೆ ಎಂದರ್ಥ. ಬಣ್ಣ ಮಾತ್ರ ಹೋಗಿದೆಯೋ, ನಾರೂ ತುಂಡಾಗಿದೆಯೋ ಎಂಬ ಅನುಮಾನ ಬಂದರೆ ಉಗುರಿನಿಂದ ಅಡ್ಡಲಾಗಿ ಎಳೆದು ನೋಡಿ. ಉಗುರು ಜಾರಿಹೋದರೆ ಬಣ್ಣದ ಗೀರು, ಅದರಿಂದ ಅಪಾಯವಿಲ್ಲ. ಉಗುರು ತಡೆದು ನಿಂತರೆ, ಕಪ್ಪು ಎಳೆಗಳು ಕಂಡರೆ, ಆ ಶಾಫ್ಟನ್ನು ಮೈದಾನಕ್ಕೆ ಒಯ್ಯಬೇಡಿ. ಅನಂತರ ತಲೆಯನ್ನು ಮೆತ್ತನೆಯ ನೆಲದ ಮೇಲಿಟ್ಟು ಶಾಫ್ಟನ್ನು ಮೆಲ್ಲಗೆ ಬಾಗಿಸಿ ಕಿವಿಗೊಡಿ. ಒಣಗರಿಕೆ ಮುರಿದಂತಹ ಚಿಟಪಟ ಸದ್ದು ಬಂದರೆ ಒಳಪದರಗಳು ಬಿಟ್ಟಿರುವ ಸೂಚನೆ.

ಉಕ್ಕಿನ ಶಾಫ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡುತ್ತ ನಿಧಾನವಾಗಿ ತಿರುಗಿಸಿ. ಬಾಗಿದ್ದರೆ ತಕ್ಷಣ ತಿಳಿಯುತ್ತದೆ. ಬಾಗಿದ ಉಕ್ಕನ್ನು ಮಂಡಿಯ ಮೇಲಿಟ್ಟು ನೇರ ಮಾಡಿಕೊಳ್ಳುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಬಾಗಿ ಮತ್ತೆ ನೇರವಾದ ಜಾಗ ಮೊದಲಿನ ಬಲಕ್ಕೆ ಮರಳುವುದಿಲ್ಲ, ಮುಂದಿನ ಬಾರಿ ಅದು ಬಾಗುವುದರ ಬದಲು ಮುರಿದೇಬಿಡಬಹುದು. ತುಕ್ಕಿನ ಚುಕ್ಕೆಗಳಿದ್ದರೆ ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ ಉಜ್ಜಿ. ಮೇಲ್ಮೈ ನಯವಾದರೆ ಸರಿ. ಸೂಜಿ ಚುಚ್ಚಿದಂತಹ ಗುಳಿಗಳು ಉಳಿದರೆ, ಅದರಲ್ಲೂ ಹೋಸೆಲ್ಲಿನ ಹತ್ತಿರ ಉಳಿದರೆ, ಬಿರುಕು ಹುಟ್ಟುವುದು ಅಂತಹ ಗುಳಿಯಲ್ಲಿಯೇ ಎಂದು ತಿಳಿದು ಬದಲಿಸುವುದು ಒಳ್ಳೆಯದು.

ಕೊನೆಯದಾಗಿ, ಒಂದು ಕೈಯಲ್ಲಿ ಗ್ರಿಪ್, ಇನ್ನೊಂದು ಕೈಯಲ್ಲಿ ತಲೆ ಹಿಡಿದು ಒದ್ದೆಬಟ್ಟೆ ಹಿಂಡುವಂತೆ ತುಸು ತಿರುಚಿ. ಟಿಕ್ ಎಂಬ ಸದ್ದು ಬಂದರೆ ಅಂಟು ಸಡಿಲಾಗಿದೆ. ಫೆರುಲ್ ಮೇಲಕ್ಕೆ ಸರಿದು ಹೋಸೆಲ್ಲಿಗೂ ಅದಕ್ಕೂ ನಡುವೆ ಸಂದು ಕಂಡರೆ ಎರಡು ಸಾಧ್ಯತೆಗಳಿವೆ: ಬಳೆ ಮಾತ್ರ ಸರಿದಿರಬಹುದು, ಅಥವಾ ತಲೆಯೇ ಕೆಳಕ್ಕೆ ಜಾರುತ್ತಿರಬಹುದು. ಬಳೆಯನ್ನು ಹೋಸೆಲ್ಲಿಗೆ ತಾಗುವಂತೆ ಒತ್ತಿ, ಅದರ ಮೇಲಂಚಿನಲ್ಲಿ ಶಾಫ್ಟಿಗೆ ಟೇಪು ಸುತ್ತಿ ಗುರುತು ಮಾಡಿ ಒಂದು ಸುತ್ತು ಆಡಿ. ಮತ್ತೆ ಒತ್ತಿದಾಗ ಬಳೆ ಆ ಗುರುತಿನಿಂದ ಕೆಳಗೆ ಹೋಗಿ ಕೂತರೆ ತಲೆ ಜಾರುತ್ತಿದೆ ಎಂದೇ ಅರ್ಥ.

ಹೊಂದಿಸಬಹುದಾದ ಡ್ರೈವರ್ ನಿಮ್ಮದಾಗಿದ್ದರೆ ತಲೆಯ ಅಡಿಯ ತಿರುಪನ್ನೂ ನೋಡಿ. ಜೊತೆಗೆ ಬಂದ ಕೀಲಿಯಿಂದ ಕ್ಲಿಕ್ ಎನ್ನುವವರೆಗೆ ಬಿಗಿಮಾಡಬೇಕು. ಅದಕ್ಕಿಂತ ಹೆಚ್ಚಿಗೆ ಬೇಡ, ಕಡಿಮೆಯೂ ಬೇಡ. ಅರೆಬರೆ ಬಿಗಿದ ತಿರುಪಿನ ಮೇಲೆ ತಲೆ ಅಲುಗಾಡಿದರೆ ಆ ಅಲುಗಾಟದ ಪೆಟ್ಟೆಲ್ಲ ಶಾಫ್ಟಿನ ತುದಿಗೇ ಬೀಳುತ್ತದೆ.

ಬಳಸಿದ ಸೆಟ್ಟನ್ನು ಕೊಳ್ಳುವವರು ಹಣ ಕೊಡುವ ಮುನ್ನವೇ ಈ ಪರೀಕ್ಷೆಗಳನ್ನೆಲ್ಲ ಮಾಡಿ. ನಮ್ಮಲ್ಲಿ ಆಟ ಕಲಿಯುವ ಬಹಳ ಮಂದಿ, ಅದರಲ್ಲೂ ಮಕ್ಕಳಿಗೆ ಕಲಿಸುವ ತಂದೆತಾಯಂದಿರು, ಹಳೆಯ ಸೆಟ್ಟಿನಿಂದಲೇ ಆರಂಭಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದರ ಹಿಂದಿನ ಬದುಕು ಹೇಗಿತ್ತೆಂಬುದನ್ನು ನೀವೇ ಓದಿಕೊಳ್ಳಬೇಕು.

ಹಂತ 4: ಬ್ಯಾಗು ಮತ್ತು ಸಾಗಣೆ

ಮೈದಾನದಲ್ಲಿ ಆಗುವುದಕ್ಕಿಂತ ಹೆಚ್ಚು ಗಾಯಗಳು ಸಾಗಿಸುವಾಗ ಆಗುತ್ತವೆ ಎಂಬುದು ನನ್ನ ಅನುಭವ. ಬ್ಯಾಗಿನ ಬಾಯಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಅಂಚಿದ್ದರೆ, ನಡೆಯುವಾಗ ಶಾಫ್ಟು ಅದೇ ಜಾಗದಲ್ಲಿ ಸಾವಿರಾರು ಬಾರಿ ಉಜ್ಜಿ, ಮೊದಲು ಬಣ್ಣ, ಅನಂತರ ನಾರು ಸವೆಯುತ್ತದೆ. ಮೆತ್ತನೆಯ ಬಟ್ಟೆ ಹೊದಿಸಿದ ಅಂಚಿರುವ ಬ್ಯಾಗು ಆರಿಸಿಕೊಳ್ಳಿ. ಇಲ್ಲವೇ ಇರುವ ಅಂಚಿಗೇ ದಪ್ಪ ಬಟ್ಟೆ ಸುತ್ತಿ ಹೊಲಿಸಿ. ಐರನ್‌ಗಳ ಭಾರದ ತಲೆಗಳು ಡ್ರೈವರಿನ ಶಾಫ್ಟಿಗೆ ಬಡಿಯದಂತೆ ಅವುಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಇಡಿ. ಗಾಲ್ಫ್ ಗಾಡಿಯ ಪಟ್ಟಿ ಬಿಗಿಯುವಾಗ ಅದು ಬ್ಯಾಗನ್ನು ಹಿಡಿದಿರಬೇಕೇ ಹೊರತು ಒಳಗಿನ ಶಾಫ್ಟುಗಳನ್ನು ಅದುಮಿ ಬಾಗಿಸಿರಬಾರದು.

ಕಾರಿನ ಡಿಕ್ಕಿಯಲ್ಲಿ ಬ್ಯಾಗಿನ ಮೇಲೆ ಸೂಟ್‌ಕೇಸು, ತರಕಾರಿ ಚೀಲ ಹೇರುವುದು, ಡ್ರೈವರ್ ಹಿಡಿಸದಿದ್ದರೂ ಬಾಗಿಲನ್ನು ಒತ್ತಿ ಮುಚ್ಚುವುದು, ಇವೆರಡೂ ಶಾಫ್ಟಿನ ಆಯಸ್ಸನ್ನು ಕಡಿಮೆ ಮಾಡುವ ಕೆಲಸಗಳು. ಸ್ಕೂಟರ್ ಅಥವಾ ಬೈಕಿನಲ್ಲಿ ಒಯ್ಯುವವರು ಬ್ಯಾಗನ್ನು ಅಡ್ಡ ಕಟ್ಟಬೇಡಿ. ಅದರ ಒಂದು ತುದಿ ಯಾವುದಕ್ಕಾದರೂ ತಾಗಿದರೆ ಶಾಫ್ಟಿಗಿಂತ ಮೊದಲು ನಿಮಗೇ ಅಪಾಯ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕ್ಲಬ್ಬುಗಳನ್ನು ದಿನಗಟ್ಟಲೆ ಬಿಡುವುದೂ ಸರಿಯಲ್ಲ. ಶಾಫ್ಟಿಗೆ ಅದರಿಂದ ಹೆಚ್ಚೇನೂ ಆಗದು, ಆದರೆ ಹಗಲು ಕಾದು ರಾತ್ರಿ ತಣ್ಣಗಾಗುವುದು ನಡೆಯುತ್ತಲೇ ಇದ್ದರೆ ಎಪಾಕ್ಸಿಯ ಹಿಡಿತ ಕುಂದುತ್ತದೆ.

ವಿಮಾನದಲ್ಲಿ ಒಯ್ಯುವುದಾದರೆ ಗಟ್ಟಿ ಪೆಟ್ಟಿಗೆ ಉತ್ತಮ. ಮೆತ್ತನೆಯ ಚೀಲವಾದರೆ ಡ್ರೈವರಿಗಿಂತ ಉದ್ದವಾದ ಆಸರೆ ಕೋಲೊಂದನ್ನು ಬ್ಯಾಗಿನ ನಡುವೆ ನಿಲ್ಲಿಸಿ. ಚೀಲ ತಲೆಕೆಳಗಾಗಿ ಬಿದ್ದರೆ ಪೆಟ್ಟು ಆ ಕೋಲಿಗೆ ಬೀಳುತ್ತದೆ. ಕಳಚಬಹುದಾದ ತಲೆಗಳನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿಡಿ.

ಹಂತ 5: ನೀರು ಮತ್ತು ತುಕ್ಕು

ಕೊಡಗು, ಚಿಕ್ಕಮಗಳೂರಿನ ಮಳೆಗಾಲದಲ್ಲಿ ಆಡುವವರಿಗೂ, ಮಂಗಳೂರಿನ ಉಪ್ಪುಗಾಳಿಯಲ್ಲಿ ಕ್ಲಬ್ಬುಗಳನ್ನು ಇಟ್ಟುಕೊಳ್ಳುವವರಿಗೂ ಈ ಹಂತ ಮುಖ್ಯ. ಬ್ಯಾಗಿನಲ್ಲಿ ಕ್ಲಬ್ಬುಗಳ ತಲೆ ಮೇಲೆ, ಗ್ರಿಪ್ ಕೆಳಗೆ ಇರುವುದರಿಂದ ಮಳೆನೀರು ಶಾಫ್ಟಿನ ಮೇಲೆ ಹರಿದು ಬ್ಯಾಗಿನ ತಳದಲ್ಲಿ ನಿಲ್ಲುತ್ತದೆ. ಗ್ರಿಪ್ಪಿನ ತುದಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ನಿಂತ ನೀರು ಅದರ ಮೂಲಕ ಶಾಫ್ಟಿನ ಒಳಕ್ಕೆ ಸೇರುತ್ತದೆ. ಉಕ್ಕಿನ ಹೊರಮೈಗೆ ಹೊಳಪಿನ ಲೇಪವಿದೆ, ಒಳಮೈಗೆ ಅಂತಹ ರಕ್ಷಣೆ ಇಲ್ಲ. ಹೊರಗೆ ಫಳಫಳಿಸುವ ಶಾಫ್ಟು ಒಳಗಿನಿಂದ ತುಕ್ಕು ತಿಂದು ಮುರಿಯುವುದು ಹೀಗೆ.

ಮಳೆಯಲ್ಲಿ ಆಡಿ ಬಂದ ದಿನ ಎಲ್ಲ ಕ್ಲಬ್ಬುಗಳನ್ನೂ ಹೊರತೆಗೆದು ಒರೆಸಿ, ಗಾಳಿಯಾಡುವಲ್ಲಿ ಗೋಡೆಗೆ ಒರಗಿಸಿಡಿ. ತಲೆಗಳಿಗೆ ತೊಡಿಸಿದ ಒದ್ದೆ ಉಣ್ಣೆಯ ಟೋಪಿಗಳನ್ನು ಬೇರೆಯಾಗಿ ಒಣಗಿಸಿ. ಬ್ಯಾಗನ್ನು ತಲೆಕೆಳಗಾಗಿಸಿ ನೀರು ಬಸಿಯಲು ಬಿಡಿ. ಕ್ಲಬ್ಬನ್ನು ಅಲುಗಿಸಿದಾಗ ಒಳಗೆ ಕಲಕಲ ಸದ್ದು ಬಂದರೆ ಅದು ನೀರಾಗಿರಬಹುದು, ಸಡಿಲಾದ ಅಂಟಿನ ಚೂರಾಗಿರಬಹುದು, ತುಕ್ಕಿನ ಹಕ್ಕಳೆಯೂ ಆಗಿರಬಹುದು; ಮೂರರಲ್ಲಿ ಯಾವುದಾದರೂ ಗ್ರಿಪ್ ತೆಗೆದು ನೋಡಬೇಕಾದ ಸಂದರ್ಭವೇ.

ಹಂತ 6: ಮೈದಾನದಲ್ಲಿ

ಚೆಂಡು ಮರದ ಬೇರಿನ ಪಕ್ಕದಲ್ಲಿದ್ದರೆ ಹೊಡೆಯಬೇಡಿ. ಗಾಲ್ಫ್ ನಿಯಮಾವಳಿಯ 19ನೇ ನಿಯಮದಂತೆ ಚೆಂಡನ್ನು ಆಡಲಾಗದ್ದೆಂದು ಘೋಷಿಸಿದರೆ ಒಂದು ಹೊಡೆತದ ದಂಡ ಮಾತ್ರ. ಹೊಸ ಶಾಫ್ಟಿನ ಬೆಲೆಗೆ, ಮಣಿಕಟ್ಟಿನ ನೋವಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಬಿಡಿ ಕಲ್ಲುಗಳನ್ನು, ಚೆಂಡು ಕದಲದಂತೆ, ದಂಡವಿಲ್ಲದೆ ಎತ್ತಿಡಬಹುದು. 2019ರಿಂದ ಬಂಕರಿನ, ಅಂದರೆ ಮರಳುಗುಂಡಿಯ ಒಳಗೂ ಇದಕ್ಕೆ ಅವಕಾಶವಿದೆ. ಸಿಮೆಂಟಿನ ಗಾಡಿದಾರಿಯ ಮೇಲೆ ಚೆಂಡಿದ್ದರೆ ದಂಡವಿಲ್ಲದೆಯೇ ಪಕ್ಕಕ್ಕೆ ತೆಗೆದುಕೊಳ್ಳಬಹುದು. ನಿಯಮವೇ ಇಷ್ಟು ದಾರಿ ಕೊಟ್ಟಿರುವಾಗ ಕಲ್ಲಿನ ಮೇಲೆ ಹೊಡೆಯುವ ಅಗತ್ಯವಿಲ್ಲ. ಹೊಡೆದ ನಂತರ ಕ್ಲಬ್ ಸಾಗುವ ದಾರಿಯನ್ನೂ ಗಮನಿಸಿ: 2007ರ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ 11ನೇ ಹೋಲಿನಲ್ಲಿ ಟೈಗರ್ ವುಡ್ಸ್ ಅವರ 4-ಐರನ್ ಮುರಿದದ್ದು ಚೆಂಡು ಹೊರಟ ಮೇಲೆ, ಮುಂದಿದ್ದ ಮರಕ್ಕೆ ಬಡಿದು.

ಅಭ್ಯಾಸದ ಡ್ರೈವಿಂಗ್ ರೇಂಜಿನಲ್ಲಿ ಸಿಮೆಂಟಿನ ಮೇಲೆ ತೆಳುವಾದ ಮ್ಯಾಟು ಹಾಸಿದ್ದರೆ, ಚೆಂಡಿನ ಹಿಂದೆ ನೆಲಕ್ಕೆ ಬೀಳುವ ಪ್ರತಿ ಏಟೂ ಹೋಸೆಲ್ಲಿಗೆ ಸುತ್ತಿಗೆಯ ಪೆಟ್ಟು. ಸವೆದ ಮ್ಯಾಟಿದ್ದಲ್ಲಿ ಜಾಗ ಬದಲಿಸಿ ಕೊಡಿರೆಂದು ಕೇಳಲು ಸಂಕೋಚ ಬೇಡ. ಕ್ಲಬ್ಬನ್ನು ಊರುಗೋಲಾಗಿ ಬಳಸುವುದು, ಕೆಸರು ಉದುರಿಸಲು ಮರಕ್ಕೋ ಗಾಡಿಯ ಚಕ್ರಕ್ಕೋ ಕುಟ್ಟುವುದು, ಕೊಂಬೆಯಲ್ಲಿ ಸಿಕ್ಕಿದ ಚೆಂಡನ್ನು ಕ್ಲಬ್ ಎಸೆದು ಬೀಳಿಸುವುದು, ಇವುಗಳನ್ನು ನಿಲ್ಲಿಸಿ. ನಿಮ್ಮ ಬ್ಯಾಗು ಹೊರುವ ಕ್ಯಾಡಿಯವರಿಗೂ ಇದನ್ನು ಆದರದಿಂದ ತಿಳಿಸಿ. ಕ್ಲಬ್ಬಿನಲ್ಲಿ ಸದ್ದು ಬಂದರೆ ಮೊದಲು ಕೇಳಿಸುವುದು ಹೆಚ್ಚಾಗಿ ಅವರಿಗೇ.

ಸಿಟ್ಟಿನ ವಿಷಯವನ್ನು ನೇರವಾಗಿ ಹೇಳಬೇಕು. ಮುರಿದ ಶಾಫ್ಟು ಈಟಿಯ ಮೊನೆಯಂತಿರುತ್ತದೆ, ಬಡಿದ ವೇಗದಲ್ಲಿಯೇ ಪುಟಿದು ಹಿಂದಕ್ಕೆ ಬರುತ್ತದೆ. 1994ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹದಿಹರೆಯದ ಹುಡುಗನೊಬ್ಬ ಬೇಸರದಿಂದ ಕ್ಲಬ್ಬನ್ನು ಬೆಂಚಿಗೆ ಬಡಿದಾಗ ಮುರಿದ ತುಂಡು ಎದೆಗೆ ಹೊಕ್ಕು ಪ್ರಾಣವೇ ಹೋಯಿತು. ಮಕ್ಕಳಿಗೆ ಆಟ ಕಲಿಸುವವರು ಮೊದಲ ವಾರದಲ್ಲಿಯೇ ಈ ಮಾತನ್ನು ಹೇಳಿಕೊಡಬೇಕು.

ಹಂತ 7: ಗ್ರಿಪ್ ಬದಲಿಸುವಾಗ

ಹಳೆಯ ಗ್ರಿಪ್ ಕತ್ತರಿಸಲು ಕೊಕ್ಕೆಯಾಕಾರದ ಅಲಗು ಬಳಸಿ. ಅದು ರಬ್ಬರನ್ನು ಒಳಗಿನಿಂದ ಮೇಲಕ್ಕೆ ಸೀಳುತ್ತದೆ, ಮೊನೆ ಶಾಫ್ಟಿಗೆ ತಾಗುವುದಿಲ್ಲ. ನೇರ ಅಲಗಿನ ಚಾಕುವಿನಿಂದ ಒತ್ತಿ ಎಳೆದರೆ ಗ್ರಾಫೈಟಿನ ಮೇಲ್ಪದರ ಉದ್ದಕ್ಕೂ ಸೀಳುತ್ತದೆ. ಹೊಸ ಗ್ರಿಪ್ ಅದನ್ನು ಮುಚ್ಚಿಬಿಡುವುದರಿಂದ ಯಾರಿಗೂ ಕಾಣುವುದಿಲ್ಲ. ಹಳೆಯ ಟೇಪನ್ನೂ ಚಾಕುವಿನಿಂದ ಹೆರೆಯಬೇಡಿ, ಬಿಸಿಗಾಳಿ ತೋರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಶಾಫ್ಟನ್ನು ವೈಸ್‌ನಲ್ಲಿ, ಅಂದರೆ ಬಿಗಿಹಿಡಿಯುವ ಇಕ್ಕುಳದಲ್ಲಿ ಹಿಡಿಸುವಾಗ ರಬ್ಬರಿನ ಹಿಡಿಕೆ ಇರಲೇಬೇಕು. ಲೋಹದ ದವಡೆಗೆ ನೇರವಾಗಿ ಸಿಕ್ಕಿದ ಗ್ರಾಫೈಟು ಒಳಗೊಳಗೇ ಜಜ್ಜಿಹೋಗುತ್ತದೆ.

ಉದ್ದ ಹೆಚ್ಚಿಸಲು ಮೇಲ್ತುದಿಗೆ ತುಂಡು ಸೇರಿಸುವುದಾದರೆ ಗ್ರಾಫೈಟಿನಲ್ಲಿ ಒಂದು ಇಂಚು ಮೀರಬೇಡಿ. ಸೇರಿಸಿದ ತುಂಡು ಒಳಗೆ ಕೊನೆಗೊಳ್ಳುವ ಅಂಚು ಮತ್ತೊಂದು ಹೋಸೆಲ್ಲಿನ ಬಾಯಿಯಂತೆಯೇ ವರ್ತಿಸುತ್ತದೆ.

ಹಂತ 8: ಹೊಸ ಶಾಫ್ಟ್ ಕೂರಿಸುವಾಗ

ಎಲ್ಲ ಹಂತಗಳಿಗಿಂತ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ನೀವೇ ಮಾಡಿದರೂ, ರಿಪೇರಿಯವರಿಗೆ ಕೊಟ್ಟರೂ ಈ ವಿವರಗಳು ತಿಳಿದಿರಲಿ.

ಮೊದಲನೆಯದು ಅಳತೆ. ಐರನ್ ಶಾಫ್ಟುಗಳ ತುದಿ ಎರಡು ಬಗೆ: 0.370 ಇಂಚಿನ ಸಮಗಾತ್ರದ ತುದಿ ಮತ್ತು 0.355 ಇಂಚಿನ ಮೊನೆಯತ್ತ ಸಣ್ಣಗಾಗುವ ತುದಿ. ವುಡ್‌ಗಳಲ್ಲಿ 0.335 ಮತ್ತು 0.350 ಇಂಚು ಸಾಮಾನ್ಯ. ದಪ್ಪ ತುದಿಯನ್ನು ಸಣ್ಣ ಹೋಸೆಲ್ಲಿಗೆ ಒತ್ತಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಸಣ್ಣದನ್ನು ದೊಡ್ಡ ಹೋಸೆಲ್ಲಿಗೆ, ಅದಕ್ಕೆಂದೇ ಇರುವ ತೆಳು ಬಳೆಯಿಲ್ಲದೆ ಹಾಕಿದರೆ ಓರೆಯಾಗಿ ಕೂರುತ್ತದೆ. ಎರಡೂ ಮುರಿತಕ್ಕೆ ದಾರಿ. ಶಾಫ್ಟು ಹೋಸೆಲ್ಲಿನೊಳಗೆ ಸಾಮಾನ್ಯವಾಗಿ 1ರಿಂದ 1.25 ಇಂಚಿನಷ್ಟು ಇಳಿಯಬೇಕು. ಅಂಟು ಹಾಕದೆ ಒಮ್ಮೆ ಇಳಿಸಿ, ಬಾಯಿಯ ಮಟ್ಟದಲ್ಲಿ ಟೇಪಿನ ಗುರುತು ಮಾಡಿ ಹೊರತೆಗೆಯಿರಿ. ಕಡ್ಡಿಯೊಂದರಿಂದ ಹೋಸೆಲ್ಲಿನ ಆಳ ಅಳೆದು ಎರಡನ್ನೂ ಹೋಲಿಸಿ. ಕಡಿಮೆ ಬಂದರೆ ಒಳಗೆ ಹಳೆಯ ಅಂಟು ಉಳಿದಿದೆ, ಕೆರೆದು ತೆಗೆಯಬೇಕು.

ಎರಡನೆಯದು ಹಳೆಯ ಶಾಫ್ಟನ್ನು ತೆಗೆಯುವುದು. ಹೀಟ್ ಗನ್ನಿನ ಬಿಸಿಗಾಳಿಯಿಂದ ಹೋಸೆಲ್ಲನ್ನು ಮಾತ್ರ ಕಾಯಿಸಿ. ಉಕ್ಕಾದರೆ ತಿರುಚಿ ಎಳೆಯಬಹುದು. ಮತ್ತೆ ಬಳಸಬೇಕಾದ ಗ್ರಾಫೈಟನ್ನು ಎಂದೂ ತಿರುಚಬಾರದು. ತಿರುಚಿದರೆ ಬಿಸಿಗೆ ಮೆತ್ತಗಾದ ಪದರಗಳು ಒಂದರಿಂದೊಂದು ಬಿಡುತ್ತವೆ. ನೇರವಾಗಿ ಎಳೆಯುವ ಶಾಫ್ಟ್ ಪುಲ್ಲರ್ ಎಂಬ ಉಪಕರಣ ಇದಕ್ಕಾಗಿಯೇ ಇದೆ. ಬೆಂಕಿಯ ಜ್ವಾಲೆಯನ್ನು ಗ್ರಾಫೈಟಿನ ಹತ್ತಿರವೂ ತರಬೇಡಿ. ಹೊರಬಂದ ತುದಿ ಉಗುರಿಗೆ ಮೆತ್ತಗೆ ಸಿಕ್ಕಿದರೆ, ಎಳೆಗಳು ಬಿಡಿಬಿಡಿಯಾಗಿ ಬಂದರೆ, ರಾಳ ಸುಟ್ಟಿದೆ. ಆ ಶಾಫ್ಟಿನ ಕೆಲಸ ಮುಗಿಯಿತು.

ಮೂರನೆಯದು ಹೋಸೆಲ್ಲಿನ ಒಳಅಂಚು. ಉಕ್ಕಿಗೆ ಮಾಡಿದ ಹೋಸೆಲ್ಲಿನ ಬಾಯಿ ಮೊನಚಾಗಿರುವುದುಂಟು. ಉಕ್ಕು ಅದನ್ನು ಸಹಿಸಿಕೊಂಡರೂ ಗ್ರಾಫೈಟಿಗೆ ಅದು ಕತ್ತಿಯ ಅಲಗು. ಶಂಕುವಿನಾಕಾರದ ಕೊರೆಯುವ ಬಿಟ್ಟಿನಿಂದ ಆ ಅಂಚನ್ನು ಒಳಮುಖವಾಗಿ ಇಳಿಜಾರು ಮಾಡಬೇಕು. ಬೆರಳಿಟ್ಟು ಸವರಿದರೆ ಚುಚ್ಚಬಾರದು. ಉಕ್ಕಿನಿಂದ ಗ್ರಾಫೈಟಿಗೆ ಬದಲಿಸಿದ ಐರನ್ ಕೆಲವೇ ತಿಂಗಳಲ್ಲಿ ಕುತ್ತಿಗೆಯಲ್ಲಿ ಮುರಿದಿದ್ದರೆ ನಾನು ಮೊದಲು ನೋಡುವುದು ಈ ಅಂಚನ್ನೇ. ರಿಪೇರಿಗೆ ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಲು ಸಮಯವಿದ್ದರೆ, "ಹೋಸೆಲ್ಲಿನ ಅಂಚನ್ನು ಸವರುತ್ತೀರಾ?" ಎಂದು ಕೇಳಿ.

ನಾಲ್ಕನೆಯದು ತುದಿಯ ಸಿದ್ಧತೆ. ಎಪಾಕ್ಸಿ ಹೊಳಪಿನ ಮೇಲೆ ಹಿಡಿಯುವುದಿಲ್ಲ. ಉಕ್ಕಿನ ತುದಿಯ ಹೊಳಪು ಪೂರ್ತಿ ಮಂಕಾಗುವವರೆಗೆ ಉಪ್ಪುಕಾಗದದಿಂದ, ಅಂದರೆ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಗ್ರಾಫೈಟಿನಲ್ಲಿ ಬಣ್ಣ ಹೋಗುವಷ್ಟು ಮಾತ್ರ ಉಜ್ಜಬೇಕು. ಕಪ್ಪು ಪುಡಿ ಹೆಚ್ಚಾಗಿ ಉದುರತೊಡಗಿದರೆ ನೀವು ಬಣ್ಣವನ್ನು ದಾಟಿ ಬಲವನ್ನೇ ಉಜ್ಜುತ್ತಿದ್ದೀರಿ. ಒಳಗಿಳಿಯುವ ಗುರುತಿಗಿಂತ ತುಸು ಕೆಳಗೇ ಉಜ್ಜುವುದನ್ನು ನಿಲ್ಲಿಸಿ, ಅದರ ಮೇಲಕ್ಕೆ ಟೇಪು ಸುತ್ತಿ ಕಾಪಾಡಿ. ಉಜ್ಜಿ ತೆಳುವಾದ ಭಾಗ ಹೋಸೆಲ್ಲಿನ ಹೊರಗೆ ಬಂದರೆ ಮುರಿತ ಅಲ್ಲಿಯೇ. ಕೊನೆಗೆ ಅಸಿಟೋನ್ ಅಥವಾ ಸ್ಪಿರಿಟ್ಟಿನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ.

ಕತ್ತರಿಸುವ ವಿಷಯದಲ್ಲೂ ಎಚ್ಚರ ಬೇಕು. ಉಕ್ಕನ್ನು ಪೈಪ್ ಕಟರಿನಿಂದ ಕತ್ತರಿಸಬಹುದು. ಗ್ರಾಫೈಟಿಗೆ ಅದೇ ಕಟರ್ ಹಿಡಿದರೆ ಕೊಳವೆ ಜಜ್ಜುತ್ತದೆ. ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ಶಾಫ್ಟನ್ನು ತಿರುಗಿಸುತ್ತ ಕೊಯ್ಯಿರಿ. ಮೊನೆಯತ್ತ ಸಣ್ಣಗಾಗುವ ತುದಿಯನ್ನು ಕೆಳಗಿನಿಂದ ಕತ್ತರಿಸಲೇಬಾರದು. ಸಮಗಾತ್ರದ ತುದಿಯನ್ನೂ ತಯಾರಕರು ಹೇಳಿದ ಮಿತಿಯೊಳಗೆ ಮಾತ್ರ ಕತ್ತರಿಸಿ, ಏಕೆಂದರೆ ಹೆಚ್ಚುವರಿ ಪದರಗಳಿಂದ ಬಲಪಡಿಸಿದ ಭಾಗ ಅದೇ.

ಐದನೆಯದು ಅಂಟು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಬೇಡ, ಕ್ಷಣದಲ್ಲಿ ಹಿಡಿಯುವ ಅಂಟಂತೂ ಬೇಡವೇ ಬೇಡ. ಅವು ಪೆಟ್ಟಿಗೆ ಪೆಡಸು, ಬಿಸಿಗೆ ದುರ್ಬಲ. ಗಾಲ್ಫ್ ಶಾಫ್ಟಿಗೆಂದೇ ಮಾಡಿದ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ, ಬಣ್ಣ ಒಂದೇ ಸಮವಾಗುವವರೆಗೆ ಕಲಸಿ. ಹೋಸೆಲ್ಲಿನ ಒಳಗೂ ಶಾಫ್ಟಿನ ತುದಿಗೂ ಹಚ್ಚಿ, ತಿರುಗಿಸುತ್ತ ಇಳಿಸಿ, ತಳಕ್ಕೆ ತಾಗಿತೆಂದು ಖಚಿತಪಡಿಸಿಕೊಳ್ಳಿ. ಒಳಗೆ ಸಿಕ್ಕಿದ ಗಾಳಿ ತಲೆಯನ್ನು ಮೆಲ್ಲಗೆ ಹೊರಕ್ಕೆ ತಳ್ಳಬಹುದಾದ್ದರಿಂದ ಹತ್ತು ನಿಮಿಷದ ನಂತರ ಮತ್ತೊಮ್ಮೆ ಒತ್ತಿ ನೋಡಿ. ಅನಂತರ 24 ಗಂಟೆ ಮುಟ್ಟಬೇಡಿ. ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಹೆಚ್ಚು ಕಾಯುವುದು ಲೇಸು. "ಸಂಜೆ ಅಂಟಿಸಿ ಬೆಳಿಗ್ಗೆ ಆಡಬಹುದೇ?" ಎಂದು ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಬೇಡವೆಂದೇ.

ಫ್ಲೆಕ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಸರಿಪಡಿಸಬೇಕು. ಫ್ಲೆಕ್ಸ್ ಎಂದರೆ ಶಾಫ್ಟು ಎಷ್ಟು ಬಾಗುತ್ತದೆ ಎಂಬ ಅಳತೆ, ಎಷ್ಟು ಬಲವಾಗಿದೆ ಎಂಬ ಅಳತೆಯಲ್ಲ. ವೇಗವಾಗಿ ಬೀಸುವವರು ಮೃದು ಶಾಫ್ಟ್ ಬಳಸಿದರೆ ಚೆಂಡಿನ ದಿಕ್ಕು ಕೆಡಬಹುದು. ಅದೊಂದೇ ಕಾರಣಕ್ಕೆ ಗಾಯವಿಲ್ಲದ ಶಾಫ್ಟು ಮುರಿಯುವುದಿಲ್ಲ. ಮುರಿತ ತಪ್ಪಿಸಲೆಂದು ಗಡುಸಾದ ಶಾಫ್ಟಿಗೆ ಹಣ ಸುರಿಯಬೇಡಿ.

ಹಂತ 9: ಆಟದ ನಡುವೆ ಮುರಿದರೆ

ಆಟ ನಿಲ್ಲಿಸಿ, ತಲೆ ಎಲ್ಲಿ ಬಿತ್ತೆಂದು ನೋಡಿ, ಯಾರಿಗಾದರೂ ತಗುಲಿದೆಯೇ ಎಂದು ವಿಚಾರಿಸಿ. ಸಿಬರೆದ್ದ ತುದಿಯನ್ನು ಬರಿಗೈಯಲ್ಲಿ ಮುಟ್ಟದೆ ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಸೇರಿಸಿ. ಸ್ಪರ್ಧೆಯಲ್ಲಿದ್ದರೆ, 2023ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಆಟದ ವೇಳೆ ಹಾನಿಯಾದ ಕ್ಲಬ್ಬನ್ನು ದುರಸ್ತಿ ಮಾಡಿಕೊಳ್ಳಬಹುದು ಅಥವಾ ಬೇರೊಂದನ್ನು ತಂದುಕೊಳ್ಳಬಹುದು. ಒಟ್ಟು 14 ಕ್ಲಬ್ಬುಗಳ ಮಿತಿ ಇದ್ದೇ ಇರುತ್ತದೆ. ಆದರೆ ನೀವೇ ಸಿಟ್ಟಿನಿಂದ ಹಾಳುಮಾಡಿದ್ದರೆ ಬದಲಿಸುವ ಅವಕಾಶವಿಲ್ಲ. 2021ರ ಮಾಸ್ಟರ್ಸ್ ಎರಡನೇ ಸುತ್ತಿನಲ್ಲಿ ದಕ್ಷಿಣ ಕೊರಿಯಾದ ಕಿಮ್ ಸಿ-ವೂ 15ನೇ ಹೋಲಿನಲ್ಲಿ ಪಟ್ಟರನ್ನು (ಚೆಂಡನ್ನು ಗುಳಿಗೆ ಉರುಳಿಸುವ, ಅಂದರೆ ಪಟ್ ಮಾಡುವ ಕ್ಲಬ್ಬು) ನೆಲಕ್ಕೆ ಕುಟ್ಟಿ ಕೆಡಿಸಿಕೊಂಡು, ಉಳಿದ ಹೋಲುಗಳಲ್ಲಿ 3-ವುಡ್ ಹಿಡಿದು ಪಟ್ ಮಾಡಬೇಕಾಯಿತು.

ಖಾತರಿ ಅವಧಿಯೊಳಗಿದ್ದರೆ ಎರಡೂ ತುಂಡುಗಳ, ಮುರಿದ ಮುಖಗಳ ಮತ್ತು ಫೆರುಲ್ಲಿನ ಫೋಟೋಗಳನ್ನು ಹತ್ತಿರದಿಂದ ತೆಗೆದು, ಬಿಲ್ಲಿನೊಂದಿಗೆ ಮಾರಿದವರಿಗೆ ಕಳುಹಿಸಿ. ಅದಕ್ಕೂ ಮೊದಲು ಅಂಟು ತೆಗೆಯುವುದು, ಅಂಚು ಉಜ್ಜುವುದು ಮಾಡಿದರೆ ಸಾಕ್ಷಿಯೇ ಅಳಿಸಿಹೋಗುತ್ತದೆ.

ಮುರಿದ ಶಾಫ್ಟಿನ ಒಳಗೆ ಕಡ್ಡಿ ತುರುಕಿ, ಹೊರಗೆ ಟೇಪು ಸುತ್ತಿ, ಅಂಟು ಹಾಕಿ ಮತ್ತೆ ಆಡಬಹುದೇ ಎಂದು ಕೇಳುವವರಿದ್ದಾರೆ. ಆಡಬಾರದು. ಆ ಜೋಡಣೆ ಮುಂದಿನ ಬಾರಿ ಬಿಟ್ಟಾಗ ತಲೆ ಹಾರುವ ದಿಕ್ಕಿನಲ್ಲಿ ಯಾರಿರುತ್ತಾರೆಂದು ಹೇಳಲಾಗದು. ತಲೆ ಚೆನ್ನಾಗಿದ್ದರೆ ಅದಕ್ಕೆ ಹೊಸ ಶಾಫ್ಟು ಹಾಕಿಸಿ. ಉಕ್ಕಿನ ಹಳೆಯ ತುಂಡನ್ನು ಗುಜರಿಯವರಿಗೆ ಕೊಡಬಹುದು. ಗ್ರಾಫೈಟಿನ ತುಂಡನ್ನು ಕಸಕ್ಕೆ ಹಾಕುವ ಮುನ್ನ ಸಿಬರಿನ ತುದಿಗೆ ದಪ್ಪನಾಗಿ ಟೇಪು ಸುತ್ತಿ, ಹಳೆಯ ಪತ್ರಿಕೆಯಲ್ಲಿ ಮಡಚಿ, ಚೂಪಾದ ವಸ್ತುವಿದೆ ಎಂದು ಮೇಲೆ ಬರೆದು, ಕಸ ಒಯ್ಯಲು ಬರುವ ಪೌರಕಾರ್ಮಿಕರ ಕೈಗೆ ತಿಳಿಸಿಯೇ ಕೊಡಿ.